ಪಾಲಿಹೌಸ್ ಶೀಟ್ ತಗೊಳ್ಳುವ ಮುಂಚೆ ತೂಕ ಹಾಕಿ ನೋಡಿ, ನಾನು ಮೋಸ ಹೋದೆ

ಹಿರಿಯೂರು ಕಡೆ ನರ್ಸರಿ ಇಟ್ಟವರು ದಯವಿಟ್ಟು ಓದಿ. 46,000 ರೂಪಾಯಿ ಕಳೆದುಕೊಂಡಿದ್ದೇನೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳುತ್ತೇನೆ.

ಡಿಸೆಂಬರ್ ಚಳಿಗೆ ದಪ್ಪ ಮೆಣಸಿನಕಾಯಿ ಬೀಜ ಬೇಗ ಮೊಳಕೆ ಒಡೆಯೋದಿಲ್ಲ, ಗೊತ್ತಲ್ವಾ. 25 ಡಿಗ್ರಿಯಷ್ಟಾದರೂ ಬೆಚ್ಚಗಿರಬೇಕು. ಅದಕ್ಕೇ ಪಾಲಿಹೌಸ್ (ಪ್ಲಾಸ್ಟಿಕ್ ಶೀಟ್ ಹೊದಿಸಿದ ಸಸಿಮನೆ) ಮೂಲೆಯಲ್ಲಿ 2 ಕಿಲೋವ್ಯಾಟಿನ ಎರಡು ಹೀಟರ್ ಇಟ್ಟಿದ್ದೆ. ರಾತ್ರಿ 10 ಗಂಟೆ ಉರಿದರೆ ದಿನಕ್ಕೆ 40 ಯೂನಿಟ್. ಬಿಲ್ ನೋಡಿ ಎದೆ ಧಸಕ್ ಅಂದಿತ್ತು.

ಆಗ ಬಂದ ಒಬ್ಬ ಶೀಟ್ ಮಾರುವ ಏಜೆಂಟ್. ಫೋನಲ್ಲಿ ಹಾಲೆಂಡ್ ವಿಡಿಯೋ ತೋರಿಸಿದ. "ಅಲ್ಲಿ ಗ್ಯಾಸ್ ಉರಿಸಿ ಬೆಳೀತಾರೆ ಸಾರ್. ಅಂಥಾ ಚಳೀಲೇ ಖರ್ಚು ಕಮ್ಮಿ ಆಗುತ್ತೆ ಅಂದ್ಮೇಲೆ ನಿಮ್ಮದು ಯಾವ ಲೆಕ್ಕ?" ಹಳೆ ಶೀಟಿನ ಒಳಗೆ ಇನ್ನೊಂದು ಪದರ, 200 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ನಡುವೆ ಗಾಳಿ ತುಂಬೋಕೆ ಬ್ಲೋವರ್ ಕೊಡ್ತೀನಿ ಅಂದ. ವಿಷಯ ಸುಳ್ಳಲ್ಲ. ಎರಡು ಪದರದ ನಡುವೆ ಗಾಳಿ ನಿಂತರೆ ಕಾವು ಹೊರಗೆ ಹೋಗೋದು ಸುಮಾರು ಮೂರರಲ್ಲಿ ಒಂದು ಪಾಲು ಕಮ್ಮಿ ಆಗುತ್ತೆ. ಅದಕ್ಕೇ ನಂಬಿದೆ. ಪೂರ್ತಿ ದುಡ್ಡು ಕೊಟ್ಟೆ. ಬಿಲ್ ಕೇಳಲಿಲ್ಲ.

ಹುಡುಗರು ಬಂದು ಹಳೆ ಶೀಟಿಗೇ ಅಂಟಿಸಿದ ಹಾಗೆ ಕಟ್ಟಿ ಹೋದರು. ನಡುವೆ ಗಾಳಿಗೆ ಜಾಗವೇ ಇಲ್ಲ. ಬ್ಲೋವರ್ ನಾಳೆ ಬರುತ್ತೆ ಅಂದರು, ಇವತ್ತಿಗೂ ಬಂದಿಲ್ಲ. ಕರೆಂಟ್ ಬಿಲ್ ಮೊದಲಿನಷ್ಟೇ ಬಂತು.

ಅನುಮಾನ ಬಂದು ಉಳಿದ ತುಂಡಿನಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಕತ್ತರಿಸಿ ಕಿರಾಣಿ ಅಂಗಡಿ ತಕ್ಕಡಿಗೆ ಹಾಕಿದೆ. 200 ಮೈಕ್ರಾನ್ ಆಗಿದ್ದರೆ ಸುಮಾರು 184 ಗ್ರಾಂ ತೂಗಬೇಕು. ತೂಗಿದ್ದು 110. ಅಂದರೆ 120 ಮೈಕ್ರಾನ್ ಅಷ್ಟೇ. ಮಡಿಸಿ ಇನ್ನೊಮ್ಮೆ ಹಾಕಿದೆ. ಮತ್ತೆ 110. ಅಂಗಡಿಯಣ್ಣ ನನ್ನ ಮುಖ ನೋಡಿದ, ನಾನು ತಲೆ ಎತ್ತಲಿಲ್ಲ.

ಫೋನ್ ಮಾಡಿದೆ. ಮೊದಲು "ರೋಲ್ ಕಂಪನಿಯಿಂದಲೇ ಹಾಗೆ ಬರುತ್ತೆ ಸಾರ್" ಅಂದ. ಆಮೇಲೆ "ನಿಮ್ಮ ತಕ್ಕಡಿ ಸರಿ ಇಲ್ಲ" ಅಂದ. ಬ್ಲೋವರ್ ಎಲ್ಲಪ್ಪಾ ಅಂದೆ. ಅದಕ್ಕೆ ಏನಂದ ಗೊತ್ತಾ? "ಚಿತ್ರದುರ್ಗದಲ್ಲಿ ಚಳಿ ಎಲ್ಲಿದೆ ಸಾರ್, ನಿಮಗ್ಯಾಕೆ ಬ್ಲೋವರ್?" ಚಳಿ ಚಳಿ ಅಂತ ಹೆದರಿಸಿ ಮಾರಿದವನೇ ಅವನು! ಹಾಲೆಂಡ್ ತೋರಿಸಿದವನೇ ಅವನು! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಈಗ ಫೋನೇ ಎತ್ತುವುದಿಲ್ಲ. ಬಿಲ್ ಇಲ್ಲದೆ ದೂರು ಕೊಡೋದಾದರೂ ಹೇಗೆ?

ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಎಷ್ಟು ಮೈಕ್ರಾನ್, ಯುವಿ ಗ್ಯಾರಂಟಿ (ಬಿಸಿಲಿಗೆ ಶೀಟ್ ಹಾಳಾಗಲ್ಲ ಅನ್ನೋ ಭರವಸೆ) ಎಷ್ಟು ವರ್ಷ, ಎರಡನ್ನೂ ಅದರಲ್ಲೇ ಬರೆಸಿ. ಕಟ್ಟುವ ಮುಂಚೆ ತೂಕ ಹಾಕಿ. ಬರೀ ಮೊಳಕೆ ಬರಿಸೋಕಾದರೆ ಇಷ್ಟೆಲ್ಲ ಬೇಕಾಗಿಯೂ ಇರಲಿಲ್ಲ. ಬೀಜ ಹಾಕಿದ ಪ್ರೋಟ್ರೇಗಳನ್ನು (ಗುಳಿ ಗುಳಿ ಇರುವ ಸಸಿ ತಟ್ಟೆ) ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿದರೆ ಕಾವು ಒಳಗೇ ನಿಲ್ಲುತ್ತೆ. ಮೊಳಕೆ ಕಂಡ ದಿನವೇ ಬಿಡಿಸಿ ಹರವಬೇಕು. ಈ ಸಲ ಹಾಗೇ ಮಾಡಿದೆ, ಒಂದು ಹೀಟರ್ ಸಾಕಾಯಿತು.

ಆ ಏಜೆಂಟ್ ಈಗ ಚಳ್ಳಕೆರೆ ಕಡೆ ಓಡಾಡುತ್ತಿದ್ದಾನಂತೆ. ಹಾಲೆಂಡ್ ವಿಡಿಯೋ ತೋರಿಸಿದರೆ ಮೊದಲು ತಕ್ಕಡಿ ತರಿಸಿ.