ಫೋನ್ ಲೈನಿಗೂ ಕಾವಲಿರುವ ಸ್ಪೈಕ್ ಗಾರ್ಡ್: ನಾಲ್ಕು ಮಳೆಗಾಲದ ಬಳಕೆಯ ನಂತರ

ಮಲೆನಾಡಿನಲ್ಲಿ ಮೋಡೆಮ್ ಸುಡುವುದು ಹೆಚ್ಚಾಗಿ ಭರಣಿ, ಕೃತ್ತಿಕಾ ಮಳೆಯ ಸಂಜೆಗಳಲ್ಲಿ, ಮತ್ತೆ ಚಿತ್ತಾ, ಸ್ವಾತಿಯಲ್ಲಿ. ತೋಟದ ಮೇಲೆ ಕಂಬದಿಂದ ಕಂಬಕ್ಕೆ ಹಾದು ಬರುವ ತಾಮ್ರದ ಫೋನ್ ವೈರಿಗೆ ಸಿಡಿಲು ನೇರವಾಗಿ ಹೊಡೆಯಬೇಕೆಂದಿಲ್ಲ, ಹತ್ತಿರ ಬಿದ್ದರೂ ಸಾಕು. ಮೋಡೆಮ್ಮಿನ ಅಡಾಪ್ಟರಿಗೆ ಎರಡೇ ಪಿನ್ನು. ಅರ್ತ್ ಸಿಗದ ಆ ಹೊಡೆತ ಲ್ಯಾನ್ ಕೇಬಲ್ ಹಿಡಿದು ಮೂರು ಪಿನ್ನಿನ ಕಂಪ್ಯೂಟರಿನ ಮೂಲಕ ನೆಲಕ್ಕಿಳಿಯುತ್ತದೆ. ಮೋಡೆಮ್ ಜೊತೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟೂ ಹೋಗುವುದು ಇದಕ್ಕೇ. ವೈಫೈ ಬಳಸಿದರೆ ಈ ದಾರಿಯೇ ಇಲ್ಲ.

ಇಂಥ ಹೊಡೆತ ತಡೆಯಲು ಇಟ್ಟುಕೊಂಡ ಸ್ಪೈಕ್ ಗಾರ್ಡ್ ಪೆಟ್ಟಿಗೆಯ ಫೋನ್ ಭಾಗದಲ್ಲಿ 230 ವೋಲ್ಟಿನ ಗ್ಯಾಸ್ ಟ್ಯೂಬ್ ಇದೆ, ಅಂದರೆ ವೋಲ್ಟೇಜ್ ಆ ಮಿತಿ ದಾಟಿದಾಗ ಹೊತ್ತಿ ಹೊಡೆತವನ್ನು ಅರ್ತಿಗೆ ಇಳಿಸುವ ಬಿಡಿಭಾಗ. ಸರಿಯಾದ ಆಯ್ಕೆ. ರಿಂಗ್ ಬರುವಾಗ 48 ವೋಲ್ಟ್ ಡಿಸಿಯ ಮೇಲೆ ಸುಮಾರು 75 ವೋಲ್ಟ್ ಎಸಿ (ಅಲೆಯ ತುದಿಯಲ್ಲಿ ಸುಮಾರು 106) ಸೇರಿ 150 ದಾಟುತ್ತದೆ. ಅಷ್ಟಕ್ಕೆ ಟ್ಯೂಬ್ ಹೊತ್ತುವುದಿಲ್ಲ. ಬ್ರಾಡ್‌ಬ್ಯಾಂಡ್ ವೇಗವೂ ಇಳಿದಿಲ್ಲ.

ಬೇಸರ ತರಿಸುವುದು ಹಸಿರು ದೀಪ. ಅದು ಹೇಳುವುದು ಕರೆಂಟಿನ ಭಾಗದ ಸ್ಥಿತಿ ಮಾತ್ರ. ಟ್ಯೂಬ್ ಶಾರ್ಟ್ ಆದರೆ ಡಯಲ್ ಟೋನ್ ಸತ್ತು ಗೊತ್ತಾಗುತ್ತದೆ. ಪೆಟ್ಟಿಗೆ ತಪ್ಪಿಸಿ ವೈರನ್ನು ನೇರ ಫೋನಿಗೆ ಸಿಕ್ಕಿಸಿದಾಗ ಟೋನ್ ಬಂದರೆ ಖಚಿತ. ಆದರೆ ಒಳಗಿನ ಅರ್ತ್ ಕೊಂಡಿ ಸುಟ್ಟು ಕಡಿದರೆ ಇಂಟರ್ನೆಟ್ ಎಂದಿನಂತೆ ನಡೆಯುತ್ತದೆ, ಕಾವಲು ಮಾತ್ರ ಇರುವುದಿಲ್ಲ. ದುಡ್ಡು ಕೊಟ್ಟವರಿಗೆ ಇದನ್ನು ತೋರಿಸುವ ಒಂದು ದೀಪ ಇಡಬೇಕಿತ್ತು. ಮನೆ ಪಕ್ಕ ಸಿಡಿಲು ಬಿದ್ದಿದ್ದರೆ ಪೆಟ್ಟಿಗೆ ಬದಲಾಯಿಸುವುದೇ ಸರಿ, ಮೋಡೆಮ್ಮಿಗಿಂತ ಅಗ್ಗ.

ಜೋಡಣೆಯಲ್ಲಿ ತಪ್ಪುವುದು ಎರಡು ಕಡೆ. ಹೊರಗಿನ ವೈರು ಮೊದಲು ಪೆಟ್ಟಿಗೆಯ ‘ಲೈನ್’ ತೂತಿಗೆ, ಅಲ್ಲಿಂದ ಫೋನ್ ಮತ್ತು ಇಂಟರ್ನೆಟ್ ಬೇರ್ಪಡಿಸುವ ಸ್ಪ್ಲಿಟರಿಗೆ, ಆಮೇಲೆ ಮೋಡೆಮ್ಮಿಗೆ. ಮೋಡೆಮ್, ಕಂಪ್ಯೂಟರ್, ಮಾನಿಟರ್, ಪ್ರಿಂಟರ್ ಎಲ್ಲವೂ ಇದೇ ಪೆಟ್ಟಿಗೆಯಿಂದ. ಪ್ರಿಂಟರ್ ಬೇರೆ ಗೋಡೆಯಲ್ಲಿದ್ದರೆ ಎರಡು ಅರ್ತ್ ನಡುವಿನ ವೋಲ್ಟೇಜ್ ಯುಎಸ್‌ಬಿ ಕೇಬಲ್ಲಿನಲ್ಲಿ ಹರಿಯುತ್ತದೆ. ಸಾಕೆಟ್ಟಿನ ಅರ್ತೇ ಹುಸಿಯಾದರೆ ಇದೆಲ್ಲ ವ್ಯರ್ಥ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿರುತ್ತದೆ, ಮೊದಲ ಗುಡುಗಿಗೆ ಮುಂಚೆಯೇ ನಾಲ್ಕು ಕೊಡ ನೀರು ಹೊಯ್ಯಿರಿ.

ಇಷ್ಟಿದ್ದರೂ ನೇರ ಸಿಡಿಲಿಗೆ ಯಾವ ಪೆಟ್ಟಿಗೆಯೂ ತಡೆಯಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಪ್ಪಾದರೆ ಫೋನ್ ವೈರಿನ ಕ್ಲಿಪ್ ಒತ್ತಿ ಎಳೆದು ಪೆಟ್ಟಿಗೆಯಿಂದ ದೂರ ಇಡಿ, ಆಮೇಲೆ ಪ್ಲಗ್ ಕೀಳಿ. ಗುಡುಗು ಕೇಳಿಸತೊಡಗಿದ ಮೇಲೆ ವೈರು ಮುಟ್ಟಲೇಬೇಡಿ. ಫೈಬರ್ ಬಂದ ಮನೆಗೆ ಫೋನ್ ಭಾಗದ ಹೆಚ್ಚುವರಿ ಬೆಲೆ ಬೇಡ, ಬರೀ ಕರೆಂಟಿನದು ಸಾಕು.