ಮೇಲ್ಮನವಿ ವಜಾ ಆದ ಬಳಿಕ ನಾವು ಹೋದ ವಕೀಲರ ಕಚೇರಿ

ಸೋದರಮಾವನ ಕ್ರಿಮಿನಲ್ ಮೇಲ್ಮನವಿಯನ್ನು ಹೈಕೋರ್ಟಿನ ಕಲಬುರಗಿ ಪೀಠ ವಜಾಗೊಳಿಸಿದ ಬಳಿಕ ನಾವು ಈ ಕಚೇರಿಯ ಮೆಟ್ಟಿಲು ಹತ್ತಿದೆವು. ವಕೀಲರು ಮೊದಲು ಕೇಳಿದ್ದು ಹಣವನ್ನಲ್ಲ, ತೀರ್ಪಿನ ದೃಢೀಕೃತ ಪ್ರತಿಯನ್ನು. ಸಂವಿಧಾನದ 136ನೆಯ ವಿಧಿಯಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಸಲ್ಲಿಸಬಹುದಾದರೂ ಅದು ಹಕ್ಕಿನ ಮೇಲ್ಮನವಿಯಲ್ಲ, ಅನುಮತಿ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಸಾಕ್ಷ್ಯವನ್ನು ಅಲ್ಲಿ ಮತ್ತೆ ತೂಗಿ ನೋಡುವುದು ಅಪರೂಪ, ಸಾಮಾನ್ಯವಾಗಿ ತೀರ್ಪಿನ ದಿನದಿಂದ 90 ದಿನಗಳೊಳಗೆ ಸಲ್ಲಿಸಬೇಕು ಎಂಬುದನ್ನು ಅವರು ಸುಳ್ಳು ಭರವಸೆ ಬೆರೆಸದೆ ಬಿಡಿಸಿ ಹೇಳಿದರು. ಹಿಂದಿನ ವಕೀಲರು ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ; ಅಷ್ಟರಲ್ಲಿ 52 ದಿನ ಕಳೆದಿದ್ದವು. ಸೆರೆಯಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಉಚಿತ ನೆರವಿಗೆ ಹಕ್ಕಿದೆಯೆಂದು ತಿಳಿಸಿದವರೂ ಇವರೇ. ತಮ್ಮ ಶುಲ್ಕಕ್ಕೆ ತಾವೇ ಕಲ್ಲು ಹಾಕಿಕೊಳ್ಳುವ ವಕೀಲರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಮಾವ ಇವರ ಕೈಯಲ್ಲೇ ಕೆಲಸವಾಗಲಿ ಎಂದರು.

ಕೊರತೆಯೆಂದರೆ, ಕನ್ನಡದ ಸಾಕ್ಷಿ ಹೇಳಿಕೆಗಳ ಇಂಗ್ಲಿಷ್ ಅನುವಾದಕ್ಕೆ ಪುಟದ ಲೆಕ್ಕದಲ್ಲಿ ಬೇರೆ ಹಣ ಕೊಡಬೇಕೆಂದು ಮೊದಲೇ ಹೇಳಲಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ, ಫ್ಯಾನಿಲ್ಲದ ಪಡಸಾಲೆಯಲ್ಲಿ ಎರಡು ತಾಸು ಕಾಯಿಸಿದ್ದೂ ಸರಿಯಲ್ಲ. ದೆಹಲಿಯ ಅಡ್ವೊಕೇಟ್ ಆನ್ ರೆಕಾರ್ಡ್ (ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ದಾಖಲಿಸುವ ಅಧಿಕಾರವಿರುವ ವಕೀಲರು) ಮೂಲಕ ಅರ್ಜಿ 81ನೆಯ ದಿನ ದಾಖಲಾಯಿತು.