ಕೀ ಕೈಕೊಡ್ತಿದೆ ಅಂತ ಪುಶ್ ಬಟನ್ ಹಾಕಿಸೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ

ಹೋದ ತಿಂಗಳು ನಂಜನಗೂಡು ದೇವಸ್ಥಾನದ ಹತ್ತಿರ ಕಾರಿನ ಬಾನೆಟ್ ಎತ್ತಿಟ್ಟು, "ಹತ್ತರ ಸ್ಪ್ಯಾನರ್ ಇದ್ಯಾ, ಹತ್ತರ ಸ್ಪ್ಯಾನರ್" ಅಂತ ಕಂಡಕಂಡವರನ್ನೆಲ್ಲ ಕೇಳುತ್ತಾ ಓಡಾಡುತ್ತಿದ್ದವನು ನಾನೇ. ಎಂಜಿನ್ ಆಫ್ ಆಗಿತ್ತು. ಆದರೆ ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಮಾತ್ರ ನಿಲ್ಲದೆ ತಿರುಗುತ್ತಿತ್ತು. ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಬರುತ್ತಿತ್ತು. ಅಮ್ಮ ಪ್ರಸಾದದ ಪೊಟ್ಟಣ ಹಿಡಿದುಕೊಂಡು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಇಷ್ಟಕ್ಕೆಲ್ಲ ಕಾರಣ ಕೀ ಬದಲಿಗೆ ನಾನು ಆಸೆಪಟ್ಟು ಹಾಕಿಸಿದ ಒಂದು ನೀಲಿ ಲೈಟಿನ ಬಟನ್.

ಕಾರು ಅಪ್ಪನದು. 1991ರ ಮಾರುತಿ 800. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ 50 ವರ್ಷ ದಾಟಬೇಕು, ಹಾಗಾಗಿ ಇದು ಇನ್ನೂ ಬರೀ ಹಳೇ ಕಾರು. ನಮ್ಮ ಮನೆಯ ಲೆಕ್ಕ ಬೇರೆ ಬಿಡಿ. ಮೂರು ಸಿಲಿಂಡರ್, 796 ಸಿಸಿ, ಕಾರ್ಬ್ಯುರೇಟರ್. ಮೈಸೂರಿನೊಳಗೆ ಓಡಾಡೋಕೆ ಇವತ್ತಿಗೂ ಸಾಕು.

ಒಂದು ವರ್ಷದಿಂದ ಕೀ ಸತಾಯಿಸುತ್ತಿತ್ತು. ತಿರುಗಿಸಿದರೆ ಒಮ್ಮೊಮ್ಮೆ ಸೆಲ್ಫ್ ಹೊಡೆಯುತ್ತಲೇ ಇರಲಿಲ್ಲ. ಸ್ವಲ್ಪ ಅಲ್ಲಾಡಿಸಿ, ಹಿಂದೆ ಮುಂದೆ ಮಾಡಿದರೆ ಹೊಡೆಯುತ್ತಿತ್ತು. ಹಂಪ್ ಹಾರಿಸಿದಾಗ ಮೀಟರಿನ ಲೈಟು ಒಮ್ಮೆ ಪಕ್ ಅಂತ ಹೋಗಿ ಬರುತ್ತಿತ್ತು. ಎರಡು ಸಲ ಎಂಜಿನ್ನೇ ಆಫ್ ಆಯಿತು. ಈ ಲಕ್ಷಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಹೆಸರು, ಅಂಗಡಿ ಹೇಳುವುದಿಲ್ಲ. ಅವನ ಮೇಲೆ ದ್ವೇಷ ಇಲ್ಲ, ಒಪ್ಪಿಕೊಂಡಿದ್ದು ನಾನೇ ತಾನೆ. "ಸಾರ್, ಈ ಲಾಕ್ ಹೋಗಿದೆ. ಹಳೇ ಗಾಡಿ, ಒರಿಜಿನಲ್ ಎಲ್ಲಿ ಹುಡುಕ್ತೀರಾ? ಪುಶ್ ಸ್ಟಾರ್ಟ್ ಹಾಕ್ಬಿಡ್ತೀನಿ, ಹೊಸ ಕಾರ್ ಥರ ಆಗುತ್ತೆ" ಅಂದ. ಕಿಟ್ 2,800, ಕೂಲಿ 1,200. ಒಂದು ಬಟನ್, ಒಂದು ಕಪ್ಪು ಡಬ್ಬಿ, ಎರಡು ರಿಮೋಟ್. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಬಟನ್ ಒತ್ತಿದೆ, ಎಂಜಿನ್ ಗುರ್ ಅಂತು. ನಿಜ ಹೇಳಬೇಕು, ಒಂದು ವಾರ ಸುಮ್ನೆ ಸುಮ್ನೆ ಕಾರು ಹತ್ತಿ ಸ್ಟಾರ್ಟ್ ಮಾಡಿ ಇಳಿಯುತ್ತಿದ್ದೆ.

ಮೊದಲ ಪೆಟ್ಟು ಬಿದ್ದಿದ್ದು ಗೇಟಿಗೆ. ಈ ಕಿಟ್‌ನಲ್ಲಿ ಬ್ರೇಕಿಗೆ ಅಂತ ಒಂದು ವೈರ್ ಇರುತ್ತದೆ. ಬ್ರೇಕ್ ತುಳಿದು ಬಟನ್ ಒತ್ತಿದರೆ ಮಾತ್ರ ಸೆಲ್ಫ್ ಹೊಡೆಯಬೇಕು, ಅದಕ್ಕೇ ಆ ವೈರ್. ನಮ್ಮವನು ಅದನ್ನು ಬ್ರೇಕ್ ಸ್ವಿಚ್‌ಗೆ ಕೊಡದೆ ನೇರವಾಗಿ ಬ್ಯಾಟರಿ ಪ್ಲಸ್‌ಗೆ ಸೇರಿಸಿಬಿಟ್ಟಿದ್ದ. ಬ್ರೇಕ್ ಸದಾ ತುಳಿದೇ ಇದೆ ಅಂತ ಡಬ್ಬಿ ನಂಬಿಕೊಂಡಿತ್ತು. ನಾವೋ, ಹ್ಯಾಂಡ್‌ಬ್ರೇಕ್ ಸರಿಯಿಲ್ಲ ಅಂತ ಕಾರನ್ನು ಯಾವಾಗಲೂ ಫಸ್ಟ್ ಗೇರ್‌ನಲ್ಲಿ ನಿಲ್ಲಿಸುವವರು. ತಂಗಿ ಮಗ, ಆರು ವರ್ಷದವನು, ಒಳಗೆ ಕೂತು ಬಟನ್ ಒತ್ತಿದ. ಬಟನ್ ಕೆಲಸ ಮಾಡೋಕೆ ಬೇಕಾದ ರಿಮೋಟ್ ಕಾರಿನಲ್ಲೇ ಇತ್ತು. ಕಾರು ಕಪ್ಪೆ ಥರ ಹಾರಿ ಗೇಟಿಗೆ ಗುದ್ದಿ ನಿಂತಿತು. ಎರಡು ನಿಮಿಷದ ಹಿಂದೆ ಅಮ್ಮ ಅದೇ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದರು. ಬಂಪರ್ ಸೀಳಿತು ಅಷ್ಟೇ. ಕೀ ಇದ್ದಾಗ ಅದು ನನ್ನ ಜೇಬಿನಲ್ಲಿರುತ್ತಿತ್ತು, ಹುಡುಗ ಸ್ಟೀರಿಂಗ್ ತಿರುಗಿಸಿಕೊಂಡು ಬುರ್ ಅಂತ ಆಡಿ ಇಳಿಯುತ್ತಿದ್ದ.

ಆಗಲೇ ಬಿಚ್ಚಿಸಬೇಕಿತ್ತು. "ಮಕ್ಕಳನ್ನ ಒಳಗೆ ಬಿಡಬಾರದು" ಅಂತ ಹುಡುಗನ ಮೇಲೆ ಹಾಕಿ ಸುಮ್ಮನಾದೆ.

ಈಗ ನಂಜನಗೂಡಿಗೆ ಬರೋಣ. ಬೆಳಗ್ಗೆಯಿಂದ ಬ್ಯಾಟರಿ ಸ್ವಲ್ಪ ವೀಕ್ ಇತ್ತು. ದರ್ಶನ ಮುಗಿಸಿ ಬಂದು ಬಟನ್ ಒತ್ತಿದೆ. ಡ್ಯಾಶ್‌ಬೋರ್ಡ್ ಕೆಳಗೆ ಟಕಟಕಟಕ ಅಂತ ಸದ್ದು, ಆಮೇಲೆ ಎಂಜಿನ್ ಸ್ಟಾರ್ಟ್ ಆಯಿತು. ಆದರೆ ಜೊತೆಗೇ ಕರ್ರ್ ಅನ್ನುವ ಶಬ್ದ ನಿಲ್ಲಲಿಲ್ಲ. ಬಟನ್ ಒತ್ತಿ ಆಫ್ ಮಾಡಿದೆ. ಎಂಜಿನ್ ನಿಂತಿತು, ಸೆಲ್ಫ್ ನಿಲ್ಲಲಿಲ್ಲ. ಮತ್ತೆ ಒತ್ತಿದೆ, ರಿಮೋಟ್ ಒತ್ತಿದೆ, ಬಟನ್ ಮೇಲೆ ಗುದ್ದಿದೆ. ಉಹೂಂ. ಪುಣ್ಯಕ್ಕೆ ಬಟನ್ ಒತ್ತುವ ಮುಂಚೆ ನ್ಯೂಟ್ರಲ್‌ಗೆ ತಂದಿದ್ದೆ. ಗೇರ್‌ನಲ್ಲಿದ್ದಿದ್ದರೆ ಕಾರು ಬರೀ ಸೆಲ್ಫಿನಲ್ಲೇ ಮುಂದೆ ನಡೆಯುತ್ತಿತ್ತು, ಮುಂದೆ ಇದ್ದದ್ದು ತೆಂಗಿನಕಾಯಿ ಅಂಗಡಿ ಮತ್ತು ಜನ.

ಒಬ್ಬ ಆಟೋದವರು ಸ್ಪ್ಯಾನರ್ ಹಿಡಿದು ಓಡಿಬಂದರು. "ಸಾರ್, ಮೊದ್ಲು ಬ್ಯಾಟರಿ ಮೈನಸ್ ಬಿಚ್ಚಿ, ಪ್ಲಸ್ ಮುಟ್ಬೇಡಿ" ಅಂದರು. ಟರ್ಮಿನಲ್ ಬಿಸಿಯಾಗಿ ಕೈ ಸುಡುತ್ತಿತ್ತು. ಅವರೇ ಟವೆಲ್ ಸುತ್ತಿಕೊಂಡು ಎಳೆದರು. ಸದ್ದು ನಿಂತಿತು. ಸ್ಪ್ಯಾನರ್ ಇಟ್ಟುಕೊಳ್ಳಿ ಅಂತ ನನಗೇ ಕೊಟ್ಟು ಹೋದರು. ಸೆಲ್ಫ್ ಮೋಟರನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಓಡಿಸಬಾರದು ಅನ್ನುತ್ತಾರೆ. ನಮ್ಮದು ಮೂರು ನಿಮಿಷವಾದರೂ ಓಡಿರಬೇಕು.

ಕಾರನ್ನು ಎಳೆಸಿಕೊಂಡು ಹೋಗಿ ನಿಲ್ಲಿಸಿದ್ದು ಅಪ್ಪನ ಕಾಲದ ಹಳೇ ಮೇಸ್ತ್ರಿ ಹತ್ತಿರ. ಮೊದಲೇ ಇವರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ, ನನಗೆ ಪುಶ್ ಬಟನ್ ಬೇಕಿತ್ತು. ಅವರು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಒಂದು ಗೊಂಚಲು ವೈರ್ ಹೊರಗೆಳೆದರು. ಇನ್ಸುಲೇಶನ್ ಟೇಪ್ ಕರಗಿ ಬೆಲ್ಲದ ಪಾಕದ ಥರ ಅಂಟುತ್ತಿತ್ತು. ಕಪ್ಪು ಡಬ್ಬಿ ಒಡೆದು ಒಳಗಿನ ರಿಲೇ ತೋರಿಸಿದರು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಕರೆಂಟ್ ಸೇರಿಸಿ ಬಿಡಿಸುವ, ಸಕ್ಕರೆ ಕಾಳಿನಷ್ಟು ದೊಡ್ಡ ಎರಡು ಪಾಯಿಂಟು, ಒಂದಕ್ಕೊಂದು ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದ್ದವು. ಉಗುರಲ್ಲಿ ಮೀಟಿದರೂ ಬಿಡಲಿಲ್ಲ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಸೆಲ್ಫಿನ ಮೇಲೆ ಕೂತಿರುವ ಸೊಲೆನಾಯ್ಡ್, ಅಂದರೆ ಸೆಲ್ಫನ್ನು ಎಂಜಿನ್‌ಗೆ ಕಚ್ಚಿಸುವ ಕರೆಂಟಿನ ಅಯಸ್ಕಾಂತ, ಎಳೆದುಕೊಳ್ಳುವಾಗ ಒಳ್ಳೇ ಕರೆಂಟ್ ತಿನ್ನುತ್ತದೆ. ಅದನ್ನು ಒಂದು ದಪ್ಪ ರಿಲೇ ಮೂಲಕ ಕೊಡಬೇಕು. ಇಲ್ಲಿ ಡಬ್ಬಿಯೊಳಗಿನ ಪುಟಾಣಿ ರಿಲೇಯಿಂದ ತೆಳು ವೈರಿನಲ್ಲಿ ನೇರ ಕೊಟ್ಟಿದ್ದಾರೆ. ಫ್ಯೂಸ್ ಎಲ್ಲೂ ಇಲ್ಲ. ಬ್ಯಾಟರಿ ವೀಕ್ ಆದಾಗ ರಿಲೇ ಗಟ್ಟಿಯಾಗಿ ಹಿಡಿಯುವುದಿಲ್ಲ, ಬಿಟ್ಟು ಹಿಡಿದು ಮಾಡುತ್ತದೆ. ನಾನು ಕೇಳಿದ ಟಕಟಕ ಅದೇ. ಪ್ರತಿ ಟಕ್‌ಗೂ ಒಂದು ಕಿಡಿ. ಕೊನೆಗೆ ಪಾಯಿಂಟು ಕರಗಿ ಅಂಟಿಕೊಳ್ಳುತ್ತದೆ. ಆಮೇಲೆ ಬಟನ್ ಏನು ಹೇಳಿದರೂ ಸೆಲ್ಫಿಗೆ ಕೇಳಿಸುವುದಿಲ್ಲ. "ಕೀನಲ್ಲಿ ಸ್ಪ್ರಿಂಗ್ ಇರುತ್ತಪ್ಪಾ. ಕೈ ಬಿಟ್ರೆ ವಾಪಸ್ ಬರುತ್ತೆ, ಪಾಯಿಂಟ್ ಬಿಡಿಸುತ್ತೆ. ಇದರಲ್ಲಿ ಬಿಡಿಸೋರು ಯಾರು?" ಅಂದರು.

ಇಷ್ಟಾದರೂ ನನಗೆ ನಿದ್ದೆ ಕೆಡಿಸಿದ್ದು ಇದಲ್ಲ. ಮೇಸ್ತ್ರಿ ಆಮೇಲೆ ಹಳೇ ಕೀ ಜಾಗ ನೋಡಿದರು. ಈ ಕಾರಿನಲ್ಲಿ ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ, ಗೊತ್ತಲ್ವಾ? ಒಂದು ಕಬ್ಬಿಣದ ಗೂಟ ಬಂದು ಸ್ಟೀರಿಂಗ್ ರಾಡ್ ಹಿಡಿದುಕೊಳ್ಳುತ್ತದೆ. ಆ ಲಾಕನ್ನು ಹಿಡಿದಿರುವ ಬೋಲ್ಟ್‌ಗೆ ತಲೆಯೇ ಇರುವುದಿಲ್ಲ. ಕಳ್ಳರು ಬಿಚ್ಚಬಾರದು ಅಂತ ಕಂಪನಿಯಲ್ಲೇ ತಲೆ ಮುರಿದು ಕೂರಿಸಿರುತ್ತಾರೆ. ಎಲೆಕ್ಟ್ರಿಷಿಯನ್‌ಗೆ ಅದನ್ನು ಬಿಚ್ಚೋಕೆ ಆಗಿಲ್ಲ. ಏನು ಮಾಡಿದ್ದಾನೆ ಅಂದರೆ, ನನ್ನ ಡೂಪ್ಲಿಕೇಟ್ ಕೀಯನ್ನು ಒಳಗೇ ಬಿಟ್ಟು, ಲಾಕ್ ಬಿಡಿಸಿದ ಸ್ಥಿತಿಯಲ್ಲಿ, ಅದರ ತಲೆಯನ್ನು ಆಕ್ಸಾ ಬ್ಲೇಡಿನಲ್ಲಿ ಕೊಯ್ದಿದ್ದಾನೆ. ಮೇಲೆ ಒಂದು ರಬ್ಬರ್ ಮುಚ್ಚಳ. ನನಗೆ ಹೇಳಿದ್ದು "ಲಾಕ್ ಡಮ್ಮಿ ಮಾಡಿದೀನಿ ಸಾರ್" ಅಂತ.

ಮುಚ್ಚಳ ತೆಗೆದಾಗ ಕೀ ತುಂಡು ಅಕ್ಕಿ ಕಾಳಿನಷ್ಟು ಹೊರಗೆ ಬಂದಿತ್ತು. ಬ್ಯಾರಲ್, ಅಂದರೆ ಕೀ ತೂರಿಸುವ ಲಾಕಿನ ಒಳಭಾಗ, ಸವೆದು ಸಡಿಲ. ಮೇಸ್ತ್ರಿ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ಜಾಸ್ತಿ ಬಲ ಹಾಕದೆ, ಸ್ವಲ್ಪ ತಿರುಗಿಸಿ ಎಳೆದರು. ಈಚೆ ಬಂತು. "ಸ್ಟೀರಿಂಗ್ ತಿರುಗ್ಸು" ಅಂದರು. ತಿರುಗಿಸಿದೆ. ಕಾಲು ಸುತ್ತು ಹೋಗಿ ಟಕ್ ಅಂತ ಲಾಕ್.

ನಾನು ಹಿಂದಿನ ವಾರ ಇದೇ ಕಾರಿನಲ್ಲಿ ಚಾಮುಂಡಿ ಬೆಟ್ಟ ಇಳಿದಿದ್ದೆ.

ಇನ್ನು ತಮಾಷೆ ಕೇಳಿ. ಕೀ ಲಾಕ್ ಕೆಟ್ಟೇ ಇರಲಿಲ್ಲ. ಬ್ಯಾರಲ್ ಸವೆದಿತ್ತು, ನಿಜ. ಆದರೆ ಸೆಲ್ಫ್ ಹೊಡೆಯದೆ ಇದ್ದದ್ದು, ಹಂಪ್‌ನಲ್ಲಿ ಲೈಟ್ ಹೋಗುತ್ತಿದ್ದದ್ದು ಲಾಕಿನ ಹಿಂಭಾಗದಲ್ಲಿರುವ ಕರೆಂಟಿನ ಸ್ವಿಚ್ಚಿನಿಂದ. ಅದು ಬೇರೆಯೇ ಒಂದು ಪ್ಲಾಸ್ಟಿಕ್ ತುಂಡು, ಸ್ಕ್ರೂ ಬಿಚ್ಚಿದರೆ ಹಿಂದಿನಿಂದ ಈಚೆ ಬರುತ್ತದೆ. ಲಾಕ್ ಮುಟ್ಟುವುದೇ ಬೇಡ. ಒಳಗಿನ ಹಿತ್ತಾಳೆ ಪಾಯಿಂಟುಗಳು ಕಪ್ಪಾಗಿ ಗುಂಡಿ ಬಿದ್ದಿದ್ದವು. ಅಪ್ಪ ಹಿಂದೆ ಯಾವಾಗಲೋ ರಿಲೇ ಇಲ್ಲದೆ ಹಾಕಿಸಿದ್ದ ಹೆಚ್ಚುವರಿ ಲೈಟು, ಟೇಪ್ ರೆಕಾರ್ಡರ್ ಎಲ್ಲ ಇದರ ಮೂಲಕವೇ ಓಡುತ್ತಿದ್ದವು, ಸುಡದೆ ಇನ್ನೇನು. ಹೊಸದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 450 ರೂಪಾಯಿಗೆ ಸಿಕ್ಕಿತು. ಬ್ಯಾರಲ್, ಎರಡು ಕೀ ಸೇರಿದ ಪೂರ್ತಿ ಸೆಟ್ಟನ್ನೂ ಅಲ್ಲೇ ತಂದೆ. ಒರಿಜಿನಲ್ ಸಿಗಲ್ಲ ಅಂದಿದ್ದು ಸುಳ್ಳು. ಈ ಕಾರು 2014ರವರೆಗೆ ತಯಾರಾಗಿದೆ, ಸಾಮಾನಿಗೇನು ಬರ?

ಸೆಲ್ಫ್ ಒಳಗೆ ತಿರುಗುವ ಆರ್ಮೇಚರ್ ಸುಟ್ಟಿತ್ತು, ಬೇರೆ ಸೆಲ್ಫ್ ಹಾಕಿಸಿದ್ದಾಯಿತು. ಅರ್ಧ ವೈರಿಂಗ್ ಹೊಸದು. ಒಟ್ಟು 11 ಸಾವಿರ ದಾಟಿತು, ಬಂಪರ್ ಬಿಟ್ಟು.

ನಿಮ್ಮ ಹಳೇ ಕಾರಿನಲ್ಲೂ ಇದೇ ಲಕ್ಷಣ ಇದ್ದರೆ ಮೊದಲು ಆ ಹಿಂದಿನ ಸ್ವಿಚ್ ಬಿಚ್ಚಿ ನೋಡಿಸಿ. ಸೆಲ್ಫ್ ಲೈನಿಗೆ ಒಂದು ಒಳ್ಳೇ ರಿಲೇ ಹಾಕಿಸಿ. ಮೈಮೇಲೆ 30, 85, 86, 87 ಅಂತ ನಂಬರ್ ಇರುವುದು. ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಸೊಲೆನಾಯ್ಡ್‌ಗೆ. ಕೀಯಿಂದ ಬರುವ ಸಣ್ಣ ಕರೆಂಟ್ 86ಕ್ಕೆ ಅಷ್ಟೇ, 85 ಕಾರಿನ ಬಾಡಿಗೆ, ಅಂದರೆ ಮೈನಸ್‌ಗೆ. ನನ್ನದರಲ್ಲಿ ಈಗ ಹಾಗೇ ಇದೆ, ಕೀ ಪಾಯಿಂಟಿಗೆ ಭಾರವೇ ಇಲ್ಲ.

ಬಟನ್ ಬೇಕೇ ಬೇಕು ಅಂತ ಇದ್ದರೆ ಕೀಯನ್ನು, ಸ್ಟೀರಿಂಗ್ ಲಾಕನ್ನು ಹಾಗೇ ಬಿಡಿ. ಕೀ ಆನ್ ಮಾಡಿದ ಮೇಲೆ ಸೆಲ್ಫ್ ಹೊಡೆಯೋಕೆ ಮಾತ್ರ ಬಟನ್, ಅದೂ ಅದೇ ದಪ್ಪ ರಿಲೇ ಮೂಲಕ. ಹೋಂಡಾದ ಎಸ್2000 ಅನ್ನುವ ಸ್ಪೋರ್ಟ್ಸ್ ಕಾರಿನಲ್ಲಿ ಕಂಪನಿಯವರೇ ಕೀ ಮತ್ತು ಬಟನ್ ಎರಡನ್ನೂ ಕೊಟ್ಟಿದ್ದರು. ಹಾಗೆ ನೋಡಿದರೆ ಬಟನ್ ಹೊಸದೂ ಅಲ್ಲ. ಕೀ ತಿರುಗಿಸಿ ಸ್ಟಾರ್ಟ್ ಮಾಡುವುದನ್ನು ಕ್ರೈಸ್ಲರ್ ತಂದಿದ್ದೇ 1949ರಲ್ಲಿ. ಹಳೇ ಜೀಪುಗಳಲ್ಲಿ ಸೆಲ್ಫ್ ಸ್ವಿಚ್ ಕಾಲಲ್ಲಿ ತುಳಿಯುವುದಿತ್ತು. ಈಗಿನ ಕಾರುಗಳ ಬಟನ್ ಹಿಂದೆ ಒಂದು ಕಂಪ್ಯೂಟರ್ ಕೂತು ಬ್ರೇಕ್, ಕ್ಲಚ್, ಎಂಜಿನ್ ಓಡುತ್ತಿದೆಯಾ ಅಂತೆಲ್ಲ ನೋಡಿ ಆಮೇಲೆ ಅಪ್ಪಣೆ ಕೊಡುತ್ತದೆ. ಬ್ರೇಕ್ ವೈರನ್ನೂ ಪ್ಲಸ್‌ಗೆ ಸೇರಿಸಿದ್ದ ನನ್ನ 2,800ರ ಡಬ್ಬಿಗೆ ಬಟನ್ ಒತ್ತಿದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಓಡುವಾಗ ಮೊಣಕಾಲು ತಗುಲಿದರೂ ಅದು ಎಂಜಿನ್ ಆಫ್ ಮಾಡಿಬಿಡುತ್ತಿತ್ತು.

ಇನ್ನೊಂದು ಮಾತು. ಕಾರು ಕಳುವಾದರೆ ಇನ್ಶೂರೆನ್ಸ್‌ನವರು ಕೇಳುವುದು "ಎರಡೂ ಕೀ ಕೊಡಿ" ಅಂತ. ನನ್ನ ಒಂದು ಕೀ ಆಗ ತಲೆ ಇಲ್ಲದೆ ಲಾಕಿನೊಳಗೆ ಕೂತಿತ್ತು.

ಡ್ಯಾಶ್‌ಬೋರ್ಡ್‌ನಲ್ಲಿ ಬಟನ್ ಇದ್ದ ಜಾಗದಲ್ಲಿ ಒಂದು ತೂತು ಉಳಿಯಿತು. ಅದಕ್ಕೆ ಮೊಬೈಲ್ ಚಾರ್ಜರ್ ಸಾಕೆಟ್ ಹಾಕಿಸಿದ್ದೇನೆ. ಫ್ಯೂಸ್ ಸಮೇತ. ಆಟೋದವರು ಕೊಟ್ಟ ಹತ್ತರ ಸ್ಪ್ಯಾನರ್ ಅದರ ಕೆಳಗಿನ ಪೆಟ್ಟಿಗೆಯಲ್ಲೇ ಇರುತ್ತದೆ.